ರೀಫ್ ಟ್ಯಾಂಕ್‌ನಲ್ಲಿ ಹಳದಿ ಸ್ಪಂಜು: ಕೆರೆದದ್ದು, ಸುಣ್ಣ ಹಚ್ಚಿದ್ದು, ಉಪವಾಸ ಕೆಡವಿದ್ದು

ನನ್ನ ರೀಫ್ ಟ್ಯಾಂಕಿನಲ್ಲಿ, ಅಂದರೆ ಹವಳ, ಮೀನು ಸಾಕುವ ಉಪ್ಪುನೀರಿನ ಗಾಜಿನ ತೊಟ್ಟಿಯಲ್ಲಿ, ಹಳದಿ ಸ್ಪಂಜು ಹಬ್ಬಿತು. ಸ್ಪಂಜೆಂದರೆ ಕಲ್ಲಿಗಂಟಿ, ನೀರು ಸೋಸಿ ತಿನ್ನುವ ಪ್ರಾಣಿ. ಅದನ್ನು ತೆಗೆಯಲು ಪಟ್ಟ ಪಾಡಿನ ಲೆಕ್ಕ ಇದು. ಮೊದಲು ಟ್ಯಾಂಕಿನ ಜಾತಕ. 90 ಸೆಂ.ಮೀ. ಉದ್ದ, 45 ಅಗಲ, 45 ಎತ್ತರ. ಕೆಳಗೆ ಎರಡಡಿಯ ಸಂಪ್, ಅಂದರೆ ಮೇಲಿನ ನೀರು ಇಳಿದು, ಶುದ್ಧವಾಗಿ, ಪಂಪಿನಲ್ಲಿ ಮರಳುವ ಎರಡನೇ ತೊಟ್ಟಿ. ಕಲ್ಲು, ಮರಳು ಕಳೆದರೆ ಒಟ್ಟು ನೀರು ಸುಮಾರು 200 ಲೀಟರ್. ಬೆಂಗಳೂರಿನ ಮನೆ, ಬೋರ್‌ವೆಲ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್. ಉಪ್ಪಿನಂಶ 35 ಪಿಪಿಟಿ (ಸಾವಿರಕ್ಕೆ 35 ಪಾಲು), ಉಷ್ಣತೆ 26 ಡಿಗ್ರಿ, ಆಲ್ಕಲಿನಿಟಿ, ಅಂದರೆ ನೀರಿನ ಕ್ಷಾರಾಂಶ, 8 ಡಿಕೆಎಚ್ ಆಸುಪಾಸು. ಒಂದು ಜೋಡಿ ಕ್ಲೌನ್ ಮೀನು, ಒಂದು ಗೋಬಿ, ಒಂದು ಕ್ಲೀನರ್ ಸಿಗಡಿ. ಹವಳದ ಕಡೆ ಜೋವಾಂಥಿಡ್ (ದಂಟಿನ ತುದಿಯಲ್ಲಿ ಹೂವಿನಂತೆ ಅರಳುವ ಗುಂಪುಜೀವಿ), ಮಶ್ರೂಮ್, ಒಂದು ಲೆದರ್, ಎಲ್ಲ ಮೃದು ಜಾತಿ. ಗಟ್ಟಿ ಹವಳ ಇಟ್ಟಿಲ್ಲ. ದಿಬ್ಬ ಕಟ್ಟುವ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಆ ಗೊಡವೆಗೆ ಹೋಗಲಿಲ್ಲ. ಕಲ್ಲುಗಳೂ ಸಮುದ್ರದವಲ್ಲ, ಸಿಮೆಂಟಿಗೆ ಕಪ್ಪೆಚಿಪ್ಪಿನ ಚೂರು ಬೆರೆಸಿ ಎರಕ ಹೊಯ್ದವು. ಆದರೂ ಸ್ಪಂಜು ಬಂತು. ಹವ್ಯಾಸಿ ಮಿತ್ರರೊಬ್ಬರು ಕೊಟ್ಟ ಜೋವಾಂಥಿಡ್ ತುಂಡಿನ ಅಡಿಯಲ್ಲಿ ಬೆರಳುಗುರಿನಷ್ಟು ಹಳದಿ ಕಲೆಯಾಗಿ ಬಂದದ್ದು ಅದು. ಹೊಸ ಜೀವ ಬಂತೆಂದು ಆಗ ನನಗೂ ಖುಷಿಯೇ.

ಹಂತ 1: ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು (ಜನವರಿ)

ಟ್ಯಾಂಕಿನಲ್ಲಿ ಎರಡು ಬಗೆಯ ಸ್ಪಂಜುಗಳಿದ್ದವು. ಸಂಪ್‌ನ ಕತ್ತಲೆ ಮೂಲೆಯಲ್ಲಿ, ಟ್ಯಾಂಕಿನ ನೀರು ಸಂಪಿಗೆ ಇಳಿಯುವ ಓವರ್‌ಫ್ಲೋ ಪೆಟ್ಟಿಗೆಯಲ್ಲಿ ಬಿಳಿ ಹೂಜಿಯಂಥವು, ಒಂದೊಂದೂ ಅರ್ಧದಿಂದ ಒಂದು ಸೆಂ.ಮೀ., ಬಾಯಿಯ ಸುತ್ತ ಮುಳ್ಳಿನ ಕಿರೀಟ. ಇವು ಸೈಕಾನ್. ಹೊಸ ಟ್ಯಾಂಕುಗಳಲ್ಲಿ ದಂಡಿಯಾಗಿ ಏಳುತ್ತವೆ, ಹೆಚ್ಚಿನವು ತಾವಾಗಿಯೇ ಕಡಿಮೆಯಾಗುತ್ತವೆ, ಯಾರ ತಂಟೆಗೂ ಬರುವುದಿಲ್ಲ. ಅವನ್ನು ಬಿಟ್ಟೆ.

ಎರಡನೆಯದು ಮಿತ್ರರ ತುಂಡಿನೊಡನೆ ಬಂದ ತೆಳು ಹಳದಿ ಹಾಳೆ. ಕಲ್ಲಿನ ನೆರಳಿನ ಮಗ್ಗುಲಿಂದ ಮೇಲೆ ಹತ್ತಿ, ಜೋವಾಂಥಿಡ್ ದಂಟುಗಳ ಸಂದಿನಲ್ಲಿ ನುಗ್ಗುತ್ತಿತ್ತು. ಅದು ಮುಟ್ಟಿದ ಕಡೆಯ ಪಾಲಿಪ್‌ಗಳು (ಜೋವಾಂಥಿಡ್ಡಿನ ಒಂದೊಂದು ತಲೆ) ಅರಳುವುದನ್ನು ನಿಲ್ಲಿಸಿದವು, ಆಮೇಲೆ ದಂಟು ಕುಗ್ಗಿ ಹಾಳೆಯೊಳಗೆ ಮುಚ್ಚಿಹೋದವು. ಬೆಳಕಿದ್ದ ಕಡೆಗೂ ಕತ್ತಲಿದ್ದ ಕಡೆಗೂ ಒಂದೇ ವೇಗ. ಅಂದರೆ ಬೆಳಕನ್ನು ಕಡಿಮೆ ಮಾಡಿ ಪ್ರಯೋಜನವಿಲ್ಲ.

ಅನೇಕ ಸ್ಪಂಜುಗಳ ಮೈಗೆ ಆಧಾರವಾಗಿ ಸಣ್ಣ ಸೂಜಿಗಳಿರುತ್ತವೆ, ಕೆಲವದರಲ್ಲಿ ಸುಣ್ಣದವು, ಕೆಲವದರಲ್ಲಿ ಗಾಜಿನಂಥ ಸಿಲಿಕಾದವು. ಯಾವ ಗುಂಪಿನದೆಂದು ತಿಳಿಯಲು ಒಂದು ಅಗ್ಗದ ಪರೀಕ್ಷೆ ಇದೆ. ಅಕ್ಕಿಕಾಳಿನಷ್ಟು ತುಂಡನ್ನು ಗಾಜಿನ ಬಟ್ಟಲಿಗೆ ಹಾಕಿ, ಬಟ್ಟೆಗೆ ಹಾಕುವ ಬ್ಲೀಚ್ ಕೆಲವು ಹನಿ ಬಿಟ್ಟೆ. ಮಾಂಸವೆಲ್ಲ ಕರಗಿ ತಳದಲ್ಲಿ ಬಿಳಿ ಗಸಿ ಉಳಿಯಿತು. ಮೇಲಿನ ಬ್ಲೀಚ್ ಬಸಿದು, ಗಸಿಯನ್ನು ನಾಲ್ಕಾರು ಸಲ ನೀರಲ್ಲಿ ತೊಳೆದು, ಮಗಳ ಸ್ಕೂಲ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಸಾಲು ಸಾಲು ಗಾಜಿನ ಸೂಜಿಗಳು. ಮೇಲೆ ವಿನೆಗರ್ ಹನಿಸಿದಾಗ ಗುಳ್ಳೆ ಏಳಲಿಲ್ಲ. ಸುಣ್ಣದ ಸೂಜಿಯಾಗಿದ್ದರೆ ಗುಳ್ಳೆ ಎದ್ದು ಕರಗಬೇಕಿತ್ತು. ಸೈಕಾನ್ ತುಂಡು ಹಾಗೇ ಕರಗಿತು. ಹಳದಿಯದು ಸಿಲಿಕಾದಿಂದ ಸೂಜಿ ಕಟ್ಟುವ ಜಾತಿ. ಇದು ಕೊನೆಯ ಹಂತದಲ್ಲಿ ಕೆಲಸಕ್ಕೆ ಬಂತು. ಎಚ್ಚರಿಕೆ: ಬ್ಲೀಚ್ ಪೂರ್ತಿ ತೊಳೆಯದೆ ವಿನೆಗರ್ ಹಾಕಬೇಡಿ, ಕ್ಲೋರಿನ್ ಅನಿಲ ಏಳುತ್ತದೆ.

ಹಂತ 2: ಟ್ಯಾಂಕ್ ಒಳಗೇ ಕೆರೆದದ್ದು (ಫೆಬ್ರವರಿ)

ಸಾಮಾನು: ಹಳೆಯ ಟೂತ್‌ಬ್ರಷ್, ಉದ್ದ ಚಿಮಟ, ಬ್ಲೇಡ್ ಕಟ್ಟಿದ ಅಕ್ರಿಲಿಕ್ ಕಡ್ಡಿ, 8 ಎಂಎಂ ಸೈಫನ್ ಪೈಪ್. ಖರ್ಚು ಸೊನ್ನೆ. ಫಲವೂ ಸೊನ್ನೆ, ಸೊನ್ನೆಗಿಂತ ಕೆಳಗೆ ಎನ್ನಬೇಕು.

ಒಂದು ಕೈಯಲ್ಲಿ ಕೆರೆಯುತ್ತ ಇನ್ನೊಂದು ಕೈಯಲ್ಲಿ ಸೈಫನ್ ಹಿಡಿದರೂ ಅರ್ಧದಷ್ಟು ಚೂರು ತಪ್ಪಿಸಿಕೊಂಡು ತೇಲಿತು. ಸಂಪಿನ ನೀರು ಮೇಲೆತ್ತುವ ರಿಟರ್ನ್ ಪಂಪ್ ನಿಲ್ಲಿಸಿದ್ದೆ, ಟ್ಯಾಂಕಿನೊಳಗೆ ನೀರು ತಿರುಗಿಸುವ ಪವರ್‌ಹೆಡ್ ನಿಲ್ಲಿಸಿರಲಿಲ್ಲ. ನೀರು ಮಜ್ಜಿಗೆಯಾಯಿತು, ಗಾಳಿಗುಳ್ಳೆ ಬಿಟ್ಟು ಕೊಳೆಯನ್ನು ನೊರೆಯಾಗಿ ಎತ್ತುವ ಸ್ಕಿಮ್ಮರಿನ ಕಪ್ ಉಕ್ಕಿ ಸಂಪಿಗೆ ಸುರಿಯಿತು, ಜೋವಾಂಥಿಡ್‌ಗಳೆಲ್ಲ ಮುಷ್ಟಿ ಬಿಗಿದು ಕೂತವು. ಮಾರನೇ ದಿನ ಅಮೋನಿಯಾ 0.25; ಮೀನಿಗೆ ವಿಷ, ಸೊನ್ನೆಯಿರಬೇಕಾದದ್ದು. ತಿಂಗಳು ತುಂಬುವಷ್ಟರಲ್ಲಿ ಮೊದಲು ಸ್ಪಂಜೇ ಇರದಿದ್ದ ಎಡಗಡೆ ಕಲ್ಲಿನಲ್ಲೂ ಹಳದಿ ಚುಕ್ಕೆಗಳು.

ಸ್ಪಂಜಿನ ಈ ಚಾಳಿ ಹೊಸದೇನಲ್ಲ. 1907ರಲ್ಲೇ ಎಚ್. ವಿ. ವಿಲ್ಸನ್ ಎಂಬ ಪ್ರಾಣಿಶಾಸ್ತ್ರಜ್ಞರು ಸ್ಪಂಜನ್ನು ರೇಷ್ಮೆ ಬಟ್ಟೆಯಲ್ಲಿ ಹಿಂಡಿ ಬಿಡಿ ಜೀವಕೋಶಗಳಾಗಿಸಿದರೆ, ಅವು ಮತ್ತೆ ಒಂದಾಗಿ ಹೊಸ ಸ್ಪಂಜಾದವು. ಅಂಥ ಪ್ರಾಣಿಯನ್ನು ಟೂತ್‌ಬ್ರಷ್ಷಿನಲ್ಲಿ ಉಜ್ಜುವುದೆಂದರೆ ಬಿತ್ತನೆ ಮಾಡಿದಂತೆಯೇ.

ಇನ್ನೊಂದು ವಿಷಯ: ಬರಿಗೈಯಲ್ಲಿ ಮುಟ್ಟಿದ್ದೆ. ಸೂಜಿಗಳು ಬೆರಳ ತುದಿಗೆ ಚುಚ್ಚಿ ವಾರದ ತನಕ ತುರಿಕೆ. ಅಂಟುವ ಟೇಪನ್ನು ಒತ್ತಿ ಕಿತ್ತಾಗ ಒಂದಿಷ್ಟು ಹೊರಬಂದವು. ಆಮೇಲಿಂದ ದಪ್ಪ ನೈಟ್ರೈಲ್ ಗ್ಲೌಸ್ ಇಲ್ಲದೆ ಕೈ ಹಾಕಿಲ್ಲ.

ಹಂತ 3: ಸುಣ್ಣ ಹಚ್ಚಿದ್ದು (ಮಾರ್ಚ್)

ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಅರಳಿದ ಸುಣ್ಣವೇ. ಎಲೆ ಅಡಿಕೆಯ ಡಬ್ಬಿಯಿಂದ ತೆಗೆದುಕೋ ಎಂದು ಅಮ್ಮ ಹೇಳಿದರು. ಅದರಲ್ಲಿ ಬೇರೇನು ಬೆರೆತಿರುತ್ತದೋ ಎಂಬ ಅನುಮಾನಕ್ಕೆ ಲ್ಯಾಬ್ ಕೆಮಿಕಲ್ ಅಂಗಡಿಯಿಂದ ಅರ್ಧ ಕೆಜಿ ತಂದೆ, 240 ರೂಪಾಯಿ. ಶುದ್ಧ ನೀರಲ್ಲಿ ಎಲೆಗೆ ಹಚ್ಚುವ ಹದಕ್ಕೆ ಕಲಸಿ, ಸೂಜಿ ತೆಗೆದ 10 ಎಂಎಲ್ ಸಿರಿಂಜಿಗೆ ಗಿಡ್ಡ ಪೈಪ್ ಸಿಕ್ಕಿಸಿ, ಎಲ್ಲ ಪಂಪುಗಳನ್ನೂ ನಿಲ್ಲಿಸಿ ಸ್ಪಂಜಿನ ಮೇಲೆ ಬಳಿದೆ. ಇಪ್ಪತ್ತು ನಿಮಿಷ ಬಿಟ್ಟು, ಸುಣ್ಣದ ಪದರವನ್ನೂ ಬೆಂದ ಸ್ಪಂಜನ್ನೂ ಸೈಫನ್‌ನಲ್ಲಿ ಎಳೆದು ಹೊರಗೆ ಹಾಕಿದೆ.

ಹಚ್ಚಿದ ಕಡೆ ಸತ್ತಿತು, ಅನುಮಾನವಿಲ್ಲ. ಸುಣ್ಣದ ತಿಳಿನೀರಿನ ಪಿಎಚ್ಚೇ 12ರ ಮೇಲೆ. ಎದುರಿಗೆ ಯಾವ ಜೀವಕೋಶವೂ ನಿಲ್ಲುವುದಿಲ್ಲ. ಸಮಸ್ಯೆ ಅಳತೆಯದು. ಮೊದಲ ಸಲ ಎರಡು ಚಮಚ ಪುಡಿ ಕಲಸಿದ್ದೆ, ಸೈಫನ್ ಮಾಡುವಾಗ ಒಂದಿಷ್ಟು ಮರಳಿನ ಸಂದಿಗೆ ಬಿತ್ತು. ಪಂಪ್ ಹಾಕಿದ ಅರ್ಧ ಗಂಟೆಗೆ ಪಿಎಚ್ 8.1ರಿಂದ 8.6ಕ್ಕೆ. ಮೀನುಗಳ ಉಸಿರಾಟ ಜೋರಾಯಿತು. ಕಿಟಕಿ ಮುಚ್ಚಿ, ಸ್ಕಿಮ್ಮರಿನ ಗಾಳಿ ಕೊಳವೆಯ ಬಾಯಿಗೆ ನಾನೇ ಉಸಿರು ಬಿಡುತ್ತ ಕೂತೆ. ಹಾಸ್ಯಾಸ್ಪದವಾಗಿ ಕಂಡರೂ ಉಸಿರಿನ ಇಂಗಾಲದ ಡೈಆಕ್ಸೈಡ್ ಪಿಎಚ್ ಇಳಿಸುತ್ತದೆ. ಸಂಜೆಗೆ 8.35. ಅಲ್ಲಿಂದಾಚೆಗೆ ದಿನಕ್ಕೆ ಅರ್ಧ ಚಮಚ ದಾಟಿಲ್ಲ, ಅದನ್ನೂ ಬೆಳಗ್ಗೆಯೇ ಹಚ್ಚುತ್ತೇನೆ; ರಾತ್ರಿಯೆಲ್ಲ ದೀಪ ಆರಿದ್ದು ಪಿಎಚ್ ಆಗ ಹೇಗೂ ಕೆಳಗಿರುತ್ತದೆ.

ಸುಣ್ಣದ ಮಿತಿ ಬೇರೆ. ಎರಡು ರೂಪಾಯಿ ನಾಣ್ಯಕ್ಕಿಂತ ಸಣ್ಣ, ಚಪ್ಪಟೆ ಕಲೆಗೆ ಇದು ಬಹಳ ಒಳ್ಳೆಯದು. ತೂತಿನೊಳಗೆ ಇಳಿದಿರುವ ಸ್ಪಂಜಿಗೆ ಮೇಲಿನ ಪದರ ಮಾತ್ರ ಸಾಯುತ್ತದೆ. ಜೋವಾಂಥಿಡ್ ದಂಟುಗಳ ನಡುವೆ ಹಚ್ಚಿದರೆ ಜೋವಾಂಥಿಡ್ಡೂ ಬೇಯುತ್ತದೆ.

ಹಂತ 4: ಕಲ್ಲನ್ನೇ ಹೊರಗೆ ತೆಗೆದದ್ದು (ಏಪ್ರಿಲ್)

ಇದನ್ನು ಮೊದಲೇ ಮಾಡಬೇಕಿತ್ತು. ಮಾಡದಿರಲು ಕಾರಣ, ಕಲ್ಲುಗಳನ್ನು ಎಪಾಕ್ಸಿ ಹಾಕಿ ಒಂದಕ್ಕೊಂದು ಅಂಟಿಸಿಬಿಟ್ಟಿದ್ದೆ. ಉಳಿ ಇಟ್ಟು ಮೆಲ್ಲಗೆ ತಟ್ಟಿ ಬಿಡಿಸಬೇಕಾಯಿತು.

ಮುಂದಿನದನ್ನು ಓದುವ ಮುನ್ನ ಒಂದು ಮಾತು, ಇದು ತಮಾಷೆಯದಲ್ಲ. ಜೋವಾಂಥಿಡ್‌ಗಳಲ್ಲಿ, ಅದರಲ್ಲೂ ಪ್ಯಾಲಿಥೋವಾ ಗುಂಪಿನವುಗಳಲ್ಲಿ, ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿರಬಹುದು. ಅಂಥ ಕಲ್ಲನ್ನು ಕುದಿಸಿ, ಇಲ್ಲವೇ ಬಿಸಿನೀರು ಸುರಿದು ಉಜ್ಜಿ, ಆವಿ ಕುಡಿದು ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ದಾಖಲಾಗಿವೆ. ಕುದಿನೀರು ಬೇಡವೇ ಬೇಡ. ಗಾಗಲ್ಸ್, ಗ್ಲೌಸ್, ಮಾಸ್ಕ್ ಹಾಕಿಕೊಂಡು, ಬಾಲ್ಕನಿಯಲ್ಲಿ, ಮಕ್ಕಳನ್ನೂ ನಾಯಿಯನ್ನೂ ಒಳಗೆ ಕೂಡಿ ಕೆಲಸ ಮಾಡಿದೆ. ಕೈಯಲ್ಲಿ ಗಾಯವಿದ್ದರೆ ಆ ದಿನ ಮುಟ್ಟಬೇಡಿ.

ಮೂರು ಬಕೆಟ್, ಮೂರರಲ್ಲೂ ಟ್ಯಾಂಕಿನದೇ ನೀರು. ಮೊದಲ ಬಕೆಟ್ ಕೆರೆಯಲು, ಎರಡನೆಯದು ತೊಳೆಯಲು, ಮೂರನೆಯದು ಏರ್‌ಸ್ಟೋನಿನಿಂದ ಗಾಳಿ ಬಿಟ್ಟು, ಕೆಲಸ ಮುಗಿಯುವ ತನಕ ಇಡಲು.

ಜೋವಾಂಥಿಡ್ ಇದ್ದ ಕಲ್ಲಿನಿಂದ ಚೆನ್ನಾಗಿದ್ದ ಪಾಲಿಪ್‌ಗಳನ್ನು ಬುಡದ ಚರ್ಮ ಸಮೇತ ಸ್ಕಾಲ್ಪೆಲ್‌ನಲ್ಲಿ ಎಬ್ಬಿಸಿದೆ. ಸ್ಪಂಜು ಅಂಟಿದ್ದವನ್ನು ಆಸೆಪಡದೆ ಬಿಟ್ಟೆ. ಎಬ್ಬಿಸಿದವನ್ನು ಎರಡನೇ ಬಕೆಟ್ಟಿನಲ್ಲಿ ಅಲುಗಿಸಿ, ಸೂಪರ್‌ಗ್ಲೂ ಜೆಲ್‌ನಿಂದ ಹೊಸ ಪ್ಲಗ್‌ಗಳಿಗೆ (ಹವಳದ ತುಂಡು ಕೂರಿಸುವ ಸಣ್ಣ ಬಿಲ್ಲೆ) ಅಂಟಿಸಿದೆ. 20 ಗ್ರಾಂ ಜೆಲ್ 180 ರೂಪಾಯಿ, ಇಪ್ಪತ್ತೈದು ಸಿರಾಮಿಕ್ ಪ್ಲಗ್ 350.

ಕಲ್ಲಿಗೆ ಹೈಡ್ರೋಜನ್ ಪೆರಾಕ್ಸೈಡ್. ನಮ್ಮ ಮೆಡಿಕಲ್ ಸ್ಟೋರುಗಳಲ್ಲಿ ಸಿಗುವುದು 20 ವಾಲ್ಯೂಮ್‌ನದು, ಸುಮಾರು 6 ಶೇಕಡ. ಅಮೆರಿಕದವರು ಬರೆಯುವ ಅಳತೆಗಳೆಲ್ಲ 3 ಶೇಕಡದ ಬಾಟಲಿಗೆ. ಅದನ್ನು ನೋಡದೆ ಸುರಿದರೆ ದುಪ್ಪಟ್ಟು ಡೋಸ್ ಬೀಳುತ್ತದೆ. ಸಮಪ್ರಮಾಣ ಶುದ್ಧ ನೀರು ಸೇರಿಸಿ 3 ಶೇಕಡ ಮಾಡಿಕೊಂಡೆ. ಮೊದಲು ದಪ್ಪ ಹಾಳೆಯನ್ನು ಚಾಕುವಿನಿಂದ ಹೆರೆದು, ಆಮೇಲೆ ಬಣ್ಣದ ಬ್ರಷ್ಷಿನಲ್ಲಿ ಪೆರಾಕ್ಸೈಡ್ ಬಳಿದು ಐದು ನಿಮಿಷ ಬಿಟ್ಟೆ. ಬುಸಬುಸ ನೊರೆ ಎದ್ದಿತು. ಟ್ಯಾಂಕಿಗೆ ಮರಳಿಸುವ ಮುನ್ನ ಎರಡು ಸಲ ತೊಳೆಯಲೇಬೇಕು. ಕ್ಲೀನರ್ ಸಿಗಡಿಗಳಿಗೆ ಪೆರಾಕ್ಸೈಡ್ ಆಗಿಬರುವುದಿಲ್ಲ.

ನೊರೆ ಕಂಡು ಗೆದ್ದೆವೆಂದುಕೊಳ್ಳಬೇಡಿ. ಪೆರಾಕ್ಸೈಡ್ ಕೂಡ ಸುಣ್ಣದಂತೆಯೇ, ಮೇಲಿನದನ್ನು ಕೊಲ್ಲುತ್ತದೆ. ಹೆಚ್ಚು ಕೆಲಸ ಮಾಡಿದ್ದು ಬರಿಯ ಗಾಳಿ. ಹವಳವಿಲ್ಲದ ಎರಡು ಕಲ್ಲನ್ನು ನೆರಳಿನಲ್ಲಿ ಮುಕ್ಕಾಲು ಗಂಟೆ ಹೊರಗಿಟ್ಟಿದ್ದೆ. ಸ್ಪಂಜಿನ ಒಳಗಾಲುವೆಗಳಲ್ಲಿ ಒಮ್ಮೆ ಗಾಳಿ ಸಿಕ್ಕಿಕೊಂಡರೆ ಹೊರಹಾಕಲು ಅದಕ್ಕೆ ಕಷ್ಟ. ನೀರಿಗೆ ಮರಳಿದ ಮೇಲೂ ಒಳಗಿನಿಂದ ಕೊಳೆಯುತ್ತದೆ. ಆ ಎರಡು ಕಲ್ಲುಗಳನ್ನು ಪ್ರತ್ಯೇಕ ಬಕೆಟ್ಟಿನಲ್ಲಿ ಪಂಪ್ ಹಾಕಿ ವಾರವಿಟ್ಟು, ವಾಸನೆ ಹೋದ ಮೇಲೆ ಟ್ಯಾಂಕಿಗೆ ಇಳಿಸಿದೆ. ಪೆರಾಕ್ಸೈಡ್ ಹಚ್ಚಿದ ಕಲ್ಲನ್ನು ಮಾತ್ರ ಅದೇ ದಿನ ಇಳಿಸಿದ್ದೆ: ಮರುದಿನ ಅಮೋನಿಯಾ 0.5. 40 ಲೀಟರ್ ನೀರು ಬದಲಿಸಿ, 100 ಗ್ರಾಂ ಆಕ್ಟಿವೇಟೆಡ್ ಕಾರ್ಬನ್ ಹಾಕಿದ ಮೇಲೆ ಇಳಿಯಿತು. ಸತ್ತ ಸ್ಪಂಜನ್ನು ಟ್ಯಾಂಕಿನಲ್ಲಿ ಕೊಳೆಯಲು ಬಿಡುವುದಕ್ಕಿಂತ ಜೀವಂತ ಸ್ಪಂಜೇ ವಾಸಿ.

ತೂತುಗಳಿಗೆ ನೀರಿನಡಿ ಗಟ್ಟಿಯಾಗುವ ಅಕ್ವೇರಿಯಂ ಎಪಾಕ್ಸಿ ತುರುಕಿದೆ, ಎರಡು ಕಡ್ಡಿ 900 ರೂಪಾಯಿ. ಉಸಿರು ಕಟ್ಟಿಸುವುದೇ ಉದ್ದೇಶ. ಒಂದೇ ಬಾಯಿಯ ತೂತಾದರೆ ಸಾಯುತ್ತದೆ. ಆರ್‌ಪಾರ್ ಇದ್ದರೆ ಆಚೆ ಬಾಯಿಂದ ಇಣುಕುತ್ತದೆ. ಒಂದು ಕಲ್ಲಿನಲ್ಲಿ ಹಾಗೇ ಆಯಿತು. ಆ ಕಲ್ಲನ್ನು ಕೊನೆಗೆ ತಾರಸಿಯ ಬಿಸಿಲಿಗೆ ಹಾಕಿ ಪೂರ್ತಿ ಒಣಗಿಸಿದೆ. ಅಂದಹಾಗೆ ಹೆರೆದದ್ದು, ತೊಳೆದ ನೀರು, ಇವನ್ನು ಬ್ಲೀಚ್ ಹಾಕಿ ಒಂದು ರಾತ್ರಿ ಇಟ್ಟು ಆಮೇಲೆ ಚೆಲ್ಲಿದ್ದೇನೆ.

ಹಂತ 5: ಕಾಣದ ಜಾಗ, ಪೈಪು (ಮೇ)

ಓವರ್‌ಫ್ಲೋ ಪೆಟ್ಟಿಗೆಯಲ್ಲಿ ನೀರಿನ ಮಟ್ಟ ಏರುತ್ತ ಬಂದಿತ್ತು. ಬಕೆಟ್ ಹಿಡಿದು ಅಳೆದರೆ ರಿಟರ್ನ್ ಪಂಪ್ ಗಂಟೆಗೆ 1,100 ಲೀಟರ್ ತಳ್ಳುತ್ತಿದೆ. ಹೊಸದರಲ್ಲಿ 1,600 ಇತ್ತು. ಡ್ರೈನ್ ಪೈಪಿಗೆ ಟಾರ್ಚ್ ಬಿಟ್ಟರೆ ಒಳಗೋಡೆಗೆಲ್ಲ ಹಳದಿ ಹಾಳೆ, ಅದರ ಮೇಲೆ ಸೈಕಾನ್, ಜೊತೆಗೆ ಸುಣ್ಣದ ಕೊಳವೆ ಹುಳುಗಳು. ಕತ್ತಲೆ, ಸದಾ ಹರಿಯುವ ನೀರು, ತೇಲಿ ಬರುವ ಊಟ: ಸ್ಪಂಜಿಗೆ ಇದಕ್ಕಿಂತ ಒಳ್ಳೆಯ ಮನೆ ಇಲ್ಲ. ಕಲ್ಲುಗಳಿಗೆ ಮತ್ತೆ ಮತ್ತೆ ಬೀಜ ಬರುತ್ತಿದ್ದುದು ಇಲ್ಲಿಂದಲೂ ಇರಬೇಕು.

ಪೈಪಿಗೆ ಯೂನಿಯನ್, ಅಂದರೆ ಬೇಕಾದಾಗ ತಿರುಗಿಸಿ ಬಿಚ್ಚುವ ಜೋಡಣೆ, ಹಾಕಿರಲಿಲ್ಲ, ಎಲ್ಲ ಸಾಲ್ವೆಂಟ್ ಹಾಕಿ ಅಂಟಿಸಿದ್ದು. ಹ್ಯಾಕ್ಸಾದಲ್ಲಿ ಎರಡು ಕಡೆ ಕತ್ತರಿಸಿ ಒಂದಿಂಚಿನ ಯೂನಿಯನ್ ಕೂಡಿಸಿದೆ. ಯೂನಿಯನ್, ಸಾಲ್ವೆಂಟ್, ಒಂದಡಿ ಪೈಪ್ ಸೇರಿ 410 ರೂಪಾಯಿ. ಸಾಲ್ವೆಂಟ್ ಪೂರ್ತಿ ಒಣಗುವ ತನಕ ಮೇಲಿನ ಟ್ಯಾಂಕಿಗೆ ಪವರ್‌ಹೆಡ್ ಮತ್ತು ಹೀಟರ್, ಅಷ್ಟೇ.

ಪಂಪನ್ನು ಒಂದು ಪಾಲು ವಿನೆಗರ್, ಎರಡು ಪಾಲು ನೀರಿನಲ್ಲಿ ಎರಡು ಗಂಟೆ ಓಡಿಸಿದೆ. ಸೈಕಾನ್, ಕೊಳವೆ ಹುಳು ಎಲ್ಲ ಕರಗಿದವು. ಹಳದಿಯದು ಜಗ್ಗಲಿಲ್ಲ, ಅದರ ಸೂಜಿಗೆ ವಿನೆಗರ್ ತಾಗುವುದಿಲ್ಲವಲ್ಲ. ಬಾಟಲಿ ತೊಳೆಯುವ ಬ್ರಷ್ಷನ್ನು ಸೈಕಲ್ ಬ್ರೇಕ್ ತಂತಿಗೆ ಕಟ್ಟಿ ಪೈಪಿನೊಳಗೆ ಎಳೆದು, ತೊಳೆದು, ತಾರಸಿಯಲ್ಲಿ ಒಣಗಿಸಿದೆ. ಮೇ ತಿಂಗಳ ಬಿಸಿಲು ಈ ಕೆಲಸಕ್ಕೆ ಲಾಯಕ್ಕು. ಜೋಡಿಸಿದ ಮೇಲೆ ಗಂಟೆಗೆ 1,550.

ಹಂತ 6: ಊಟ ನಿಲ್ಲಿಸಿದ್ದು (ಜೂನ್‌ನಿಂದ)

ಇಷ್ಟೆಲ್ಲ ಮಾಡಿದರೂ ಬೆಳೆಯುವ ವೇಗ ತಗ್ಗಿರಲಿಲ್ಲ. ತಿನ್ನುವುದೇನು ಎಂದು ಕೂತು ಪಟ್ಟಿ ಮಾಡಿದೆ. ಬಡಿಸುತ್ತಿದ್ದವನು ನಾನೇ.

ನೈಟ್ರೇಟ್ (ಮೀನಿನ ಕೊಳೆಯಿಂದ ನೀರಿಗೆ ಸೇರುವ ಲವಣ) ಇಳಿಸಲೆಂದು ದಿನಕ್ಕೆ 20 ಎಂಎಲ್ ವಿನೆಗರ್ ಹಾಕುತ್ತಿದ್ದೆ. ಅದರಿಂದ ನೈಟ್ರೇಟ್ ಹೀರುವ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಬ್ಯಾಕ್ಟೀರಿಯಾ ಸ್ಪಂಜಿನ ಬಾಯಿಗೆ ನೇರ ತುತ್ತು. ನೀರಿನಲ್ಲಿ ಕರಗಿದ ಸಾವಯವ ಇಂಗಾಲವನ್ನೂ ಅನೇಕ ಸ್ಪಂಜುಗಳು ಹೀರುತ್ತವೆ. ಮೇಲಿಂದ ವಾರಕ್ಕೆರಡು ಸಲ ಫೈಟೋಪ್ಲಾಂಕ್ಟನ್, ಅಂದರೆ ನೀರಲ್ಲಿ ತೇಲುವ ಸೂಕ್ಷ್ಮ ಪಾಚಿ. ಫೈಟೋ ಅಂದೇ ನಿಂತಿತು. ವಿನೆಗರನ್ನು ಮಾತ್ರ ವಾರಕ್ಕೆ 5 ಎಂಎಲ್‌ನಂತೆ ಇಳಿಸಿದೆ. ಒಮ್ಮೆಲೇ ನಿಲ್ಲಿಸಿದರೆ ಅದನ್ನು ನಂಬಿದ್ದ ಬ್ಯಾಕ್ಟೀರಿಯಾ ಒಟ್ಟಿಗೆ ಸತ್ತು ನೀರು ಕೆಡುತ್ತದೆ. ಫ್ರೋಜನ್ ಆಹಾರವನ್ನು ಜರಡಿಯಲ್ಲಿ ತೊಳೆದು ಹಾಕತೊಡಗಿದೆ. ಕಸ ಹಿಡಿಯುವ ಫಿಲ್ಟರ್ ಸಾಕ್ಸ್ ಮೂರು ದಿನಕ್ಕೊಮ್ಮೆ ಬದಲು, ಕಾರ್ಬನ್ ಮೂರು ವಾರಕ್ಕೊಮ್ಮೆ.

ಎರಡನೆಯದು ನೀರು. ಟಾಪ್‌ಅಪ್ಪಿಗೆ, ಅಂದರೆ ಆವಿಯಾದಷ್ಟನ್ನು ಮತ್ತೆ ತುಂಬಲು, ಅಡುಗೆಮನೆಯ ಆರ್‌ಒ ಯಂತ್ರದ ನೀರನ್ನು ಉಳಿದ ಲವಣ ಹೀರುವ ಡಿಐ ರೆಸಿನ್ ಡಬ್ಬಿ ದಾಟಿಸಿ ಬಳಸುತ್ತಿದ್ದೆ. ಟಿಡಿಎಸ್ ಮೀಟರಿನಲ್ಲಿ 0. ನಿಶ್ಚಿಂತೆಯಾಗಿದ್ದೆ. ಹಂತ 1ರ ಗಾಜಿನ ಸೂಜಿ ನೆನಪಾಗಿ ಸಿಲಿಕೇಟ್ (ನೀರಲ್ಲಿ ಕರಗಿದ ಸಿಲಿಕಾ) ಟೆಸ್ಟ್ ಕಿಟ್ ತರಿಸಿದೆ, 2,300 ರೂಪಾಯಿ, ಈ ಇಡೀ ಕೆಲಸದಲ್ಲಿ ಕೊಡಲು ಹೆಚ್ಚು ಹೊಟ್ಟೆ ಉರಿದ ಹಣ. ಮೀಟರಿನಲ್ಲಿ 0 ತೋರಿಸಿದ ನೀರು ಕಿಟ್‌ನಲ್ಲಿ ಗಾಢ ನೀಲಿಗೆ ತಿರುಗಿತು: ಲೀಟರಿಗೆ ಸುಮಾರು 1.5 ಮಿಲಿಗ್ರಾಂ. ಟಿಡಿಎಸ್ ಮೀಟರ್ ಅಳೆಯುವುದು ವಿದ್ಯುತ್ ಹರಿಯುವಿಕೆ. ಕರಗಿದ ಸಿಲಿಕಾ ಸಾಮಾನ್ಯ ಪಿಎಚ್‌ನಲ್ಲಿ ಹೆಚ್ಚುಕಡಿಮೆ ವಿದ್ಯುದಂಶವಿಲ್ಲದೆ ಇರುವುದರಿಂದ ಮೀಟರಿಗೆ ಕಾಣುವುದಿಲ್ಲ. ರೆಸಿನ್ ಸುಸ್ತಾಗುತ್ತ ಬಂದಾಗ ಮೊದಲು ಜಾರಿಕೊಳ್ಳುವುದೂ ಅದೇ. ಗ್ರಾನೈಟ್ ಬಂಡೆಯ ಬೋರ್‌ವೆಲ್ ನೀರಿನಲ್ಲಿ ಸಿಲಿಕಾಕ್ಕೆ ಬರವಿಲ್ಲ. ದಿನಕ್ಕೆ ಮೂರೂವರೆ ಲೀಟರ್ ಆವಿಯಾಗುತ್ತದೆ, ಅಷ್ಟೇ ಟಾಪ್‌ಅಪ್. ಲೆಕ್ಕ ಹಾಕಿದರೆ ತಿಂಗಳಿಗೆ ಟ್ಯಾಂಕಿನ ಲೀಟರಿಗೆ ಮುಕ್ಕಾಲು ಮಿಲಿಗ್ರಾಮಿನಷ್ಟು ಸುರಿಯುತ್ತಿದ್ದೆ.

ರೆಸಿನ್ ಇಷ್ಟು ಬೇಗ ಸೋತದ್ದೇಕೆ ಎಂದು ಆರ್‌ಒ ಬಿಚ್ಚಿದಾಗ ಇನ್ನೊಂದು ಗುಟ್ಟು ಸಿಕ್ಕಿತು. ಸರ್ವಿಸ್‌ಗೆ ಬಂದ ಹುಡುಗ ಒಂದು ಸಣ್ಣ ತಿರುಪು ತೋರಿಸಿ, "ಸರ್, ಇದು ಟಿಡಿಎಸ್ ಕಂಟ್ರೋಲರ್. ಇದನ್ನ ಪೂರ್ತಿ ಮುಚ್ಚಿದ್ರೆ ನೀರು ಸಪ್ಪೆ ಆಗುತ್ತೆ, ಆಮೇಲೆ ಮೇಡಂ ನಂಗೆ ಫೋನ್ ಮಾಡಿ ಬೈತಾರೆ" ಅಂದ. ರುಚಿಗೆಂದು ಮೆಂಬ್ರೇನ್ (ಆರ್‌ಒದಲ್ಲಿ ನೀರು ಸೋಸುವ ಪೊರೆ) ದಾಟದ ನೀರನ್ನು ಸ್ವಲ್ಪ ಬೆರೆಸುವ ತಿರುಪು ಅದು. ಅಂದರೆ ರೆಸಿನ್ನಿಗೆ ಹೋಗುತ್ತಿದ್ದುದು ಆರ್‌ಒ ನೀರು ಮತ್ತು ಬೋರ್‌ವೆಲ್ ನೀರಿನ ಮಿಶ್ರಣ. ಮನೆಯವರ ಕಾಫಿ ಕೆಡಿಸುವುದು ಬೇಡವೆಂದು ಮೆಂಬ್ರೇನಿನಿಂದ ನೇರ ಬರುವ ಕೊಳವೆಗೆ ಟೀ ಜಾಯಿಂಟ್ ಹಾಕಿ ಟ್ಯಾಂಕಿಗೆ ಪ್ರತ್ಯೇಕ ಲೈನ್ ಎಳೆಸಿದೆ. ಡಿಐ ಡಬ್ಬಿ ಒಂದರ ಬದಲು ಎರಡು, ಸಾಲಾಗಿ. ಮೊದಲನೆಯದರ ನೀರಿನಲ್ಲಿ ಸಿಲಿಕೇಟ್ ಕಂಡ ದಿನ ಅದನ್ನು ಎಸೆದು, ಎರಡನೆಯದನ್ನು ಮುಂದಕ್ಕೆ ತರುವುದು. ಡಬ್ಬಿ, ರೆಸಿನ್, ಫಿಟ್ಟಿಂಗ್ ಸೇರಿ 2,150. ಈಗ ಕಿಟ್‌ನಲ್ಲಿ ಬಣ್ಣ ಬರುವುದಿಲ್ಲ.

ಏಂಜಲ್ ಮೀನು ತರಬಹುದಲ್ಲ ಎಂದು ಕೆಲವರು ಹೇಳಿದರು. ದೊಡ್ಡ ಏಂಜಲ್‌ಗಳು ಸ್ಪಂಜು ತಿನ್ನುವುದು ನಿಜ, ಮೂರಿಷ್ ಐಡಲ್ ಕೂಡ. ಜೊತೆಗೆ ಜೋವಾಂಥಿಡ್ಡನ್ನೂ ಕಚ್ಚಿ ನೋಡುತ್ತವೆ, ಮೂರಡಿಯ ಟ್ಯಾಂಕಿನಲ್ಲಿ ಅವಕ್ಕೆ ತಿರುಗಲೂ ಜಾಗವಿಲ್ಲ. ಒಂದು ಕಲೆ ಅಳಿಸಲು ಮೀನನ್ನು ಪಂಜರಕ್ಕೆ ಹಾಕುವ ಕೆಲಸ.

ಈಗಿನ ಸ್ಥಿತಿ (ಸೆಪ್ಟೆಂಬರ್)

ಮೇಲಿನ ಕಲ್ಲುಗಳಲ್ಲಿ ಹಳದಿ ಹಾಳೆ ಇಲ್ಲ. ಪ್ಲಗ್‌ಗೆ ಹೋದ ಜೋವಾಂಥಿಡ್‌ಗಳಲ್ಲಿ ಮುಕ್ಕಾಲು ಪಾಲು ಬದುಕಿ, ಹೊಸ ತಲೆ ಒಡೆದಿವೆ. ಸಣ್ಣ ಚುಕ್ಕೆ ಕಂಡರೆ ಅರ್ಧ ಚಮಚ ಸುಣ್ಣ, ಅಷ್ಟಕ್ಕೇ ಮುಗಿಯುತ್ತದೆ. ವಿನೆಗರ್ ನಿಂತ ಮೇಲೆ ನೈಟ್ರೇಟ್ 5ರಿಂದ 20 ಪಿಪಿಎಂಗೆ ಏರಿ ಅಲ್ಲೇ ನಿಂತಿದೆ. ಮೃದು ಹವಳಗಳು ಅದಕ್ಕೆ ಮುಖ ಸಿಂಡರಿಸಿಲ್ಲ. ಸಂಪ್‌ನಲ್ಲಿದ್ದ ಸೈಕಾನ್‌ಗಳೂ ಬಹಳ ಕಡಿಮೆಯಾಗಿವೆ. ಅವು ಸುಣ್ಣದ ಜಾತಿ, ಸಿಲಿಕಾ ಅವಕ್ಕೆ ಬೇಕಿಲ್ಲ. ಹಾಗಾಗಿ ಊಟ ಕಡಿತವೇ ಮುಖ್ಯ ಕೆಲಸ ಮಾಡಿದೆ ಎಂದು ನನಗನ್ನಿಸುತ್ತದೆ. ಆದರೆ ವಿನೆಗರನ್ನೂ ಸಿಲಿಕಾವನ್ನೂ ಒಂದೇ ತಿಂಗಳಲ್ಲಿ ಬದಲಿಸಿದ್ದರಿಂದ ಇದನ್ನು ಆಣೆಯಿಟ್ಟು ಹೇಳಲಾರೆ. ನೀವು ಮಾಡುವುದಾದರೆ ಒಂದನ್ನು ಬದಲಿಸಿ, ಎರಡು ತಿಂಗಳು ಬಿಟ್ಟು ಇನ್ನೊಂದನ್ನು ಬದಲಿಸಿ; ಮೊದಲು ವಿನೆಗರ್ ಮತ್ತು ಫೈಟೋ ನಿಲ್ಲಿಸಿ, ಅದಕ್ಕೆ ದುಡ್ಡು ಬೇಕಿಲ್ಲ.

ಎಲ್ಲ ಸೇರಿ ಖರ್ಚು ಏಳು ಸಾವಿರದ ಹತ್ತಿರ. ಅದರಲ್ಲಿ ಎಪಾಕ್ಸಿಯ 900 ವ್ಯರ್ಥ ಎಂದೇ ಲೆಕ್ಕ. ತಳದ ದೊಡ್ಡ ಕಲ್ಲಿನ ಅಡಿ, ಮರಳಿಗೆ ತಾಗುವ ಕಡೆ, ಅಂಗೈಯಗಲದ ಒಂದು ಹಳದಿ ಹಾಳೆ ಇನ್ನೂ ಇದೆ. ಅದನ್ನು ಎತ್ತಬೇಕಾದರೆ ಇಡೀ ರಾಶಿ ಬಿಚ್ಚಬೇಕು. ಅಂಚಿಗೆ ಮಾರ್ಕರ್‌ನಲ್ಲಿ ಗಾಜಿನ ಹೊರಗಿಂದ ಗೆರೆ ಎಳೆದಿದ್ದೇನೆ. ಜೂನ್‌ನಿಂದ ಗೆರೆ ದಾಟಿಲ್ಲ. ದಾಟಿದರೆ ಕಲ್ಲು ತೆಗೆಯುತ್ತೇನೆ, ಇಲ್ಲದಿದ್ದರೆ ಮುಟ್ಟುವುದಿಲ್ಲ. ಮುಂದಿನ ಪೈಪ್ ತೊಳೆತ ಜನವರಿಗೆ.